ಹನ್ನೊಂದು ಕಡ್ಡಿಯ ಬಾಯಿ

ದೇವರು ಮನುಷ್ಯನಿಗೆ ಬಾಯಿ ಕೊಟ್ಟಿರುವುದು ಸತ್ಯ ನುಡಿಯಲು, ಅನ್ನ ಉಣ್ಣಲು, ಮತ್ತು ಸಮಯ ನೋಡಿ ಮುಚ್ಚಿಕೊಂಡಿರಲು. ಈ ಮೂರು ಘನ ಉದ್ದೇಶಗಳನ್ನೂ ಬದಿಗಿಟ್ಟು ನಾನು ಇಪ್ಪತ್ತಾರು ವರ್ಷ ಅದನ್ನು ಹೊಗೆಸೊಪ್ಪಿನ ಕಡ್ಡಿಪುಡಿ ಇಟ್ಟುಕೊಳ್ಳುವ ಡಬ್ಬಿಯಾಗಿ ಬಳಸಿದೆ. ಎಡಗೆನ್ನೆಯ ಒಳಗೆ, ಕೆಳಗಿನ ಹಲ್ಲಿನ ಪಕ್ಕದಲ್ಲಿ, ಒಂದು ಚಿಟಿಕೆಗೆಂದೇ ಅಳತೆ ಮಾಡಿ ಕೊಟ್ಟಂಥ ಜಾಗವಿತ್ತು. ಈಗ ಆ ಜಾಗವಿಲ್ಲ. ಆ ಕಡೆಯ ದವಡೆಯೂ ಇಲ್ಲ.

ಮೊನ್ನೆ ಮುಳಬಾಗಿಲಿನ ಪೇಟೆಯಲ್ಲಿ ಹಿಟ್ಟಿನ ಮಿಲ್ಲಿನ ಮುಂದೆ ಹೋಗುತ್ತಿದ್ದೆ. ಒಳಗೆ ಯಾರೋ ಮೊಳಕೆ ಕಟ್ಟಿ ಹುರಿದ ರಾಗಿ ಬೀಸಿಸುತ್ತಿದ್ದರು. ಬಿಸಿ ಹಿಟ್ಟಿನ ಆ ಘಮ ಬಂದರೆ ಬೇರೆಯವರಿಗೆ ಮನೆಯಲ್ಲಿ ಬೆಳೆಯುತ್ತಿರುವ ಕೂಸಿನ ಯೋಚನೆ ಬರುತ್ತದೆ. ನನಗೆ ಮೂಗಿನ ಬಲಗಡೆಯ ಹೊಳ್ಳೆ ತಾನಾಗಿಯೇ ಬಿಗಿದುಕೊಂಡಿತು. ತೊಂಬತ್ತೆಂಟನೇ ಇಸವಿಯಲ್ಲಿ ನಾಲ್ಕು ವಾರ ಆ ಹಿಟ್ಟಿನ ಗಂಜಿ ನನ್ನ ಹೊಟ್ಟೆಗೆ ಇಳಿದದ್ದು ಆ ಹೊಳ್ಳೆಯಲ್ಲಿ ತೂರಿಸಿದ ನಳಿಗೆಯಿಂದ. "ಏನ್ ಸಾಮಿ, ಏನಾದ್ರೂ ಬೀಸ್ಬೇಕಾ?" ಎಂದು ಮಿಲ್ಲಿನವನು ಕೇಳಿದ. ಬೇಡವೆಂದು ಕೈಯಾಡಿಸಿ ಮನೆಗೆ ಬಂದೆ. ಬಂದವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಆ ವರ್ಷವೂ ಹಾಗೆಯೇ ಇತ್ತು, ಕೂತಲ್ಲಿ ಕೂರಗೊಡದ ವರ್ಷ.

ಆಗ ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತ. ವಯಸ್ಸು ನಲವತ್ತೊಂಬತ್ತು. ಎದುರು ಮೇಜಿನಲ್ಲಿ ಶೇಷಗಿರಿ. ದೇವರಾಯಸಮುದ್ರದಿಂದ ದಿನಾ ಬಸ್ಸಿನಲ್ಲಿ ಬರುವವನು, ನನಗಿಂತ ಆರು ವರ್ಷ ಚಿಕ್ಕವನು, ಆದರೆ ಮೊದಲ ವಾರದಿಂದಲೇ ನನ್ನನ್ನು "ಲೇ ವೆಂಕಟು" ಎಂದು ಕರೆದವನು. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮತದಾರರ ಪಟ್ಟಿ ಬರೆಯುವ ಕೆಲಸ ಬಂತು. ಮಧ್ಯಾಹ್ನದ ಊಟವಾದ ಮೇಲೆ ಅವನು ಪೆನ್ನು ಹಿಡಿದುಕೊಂಡೇ ತೂಕಡಿಸಿ, ಮಾರಪ್ಪ ಬಿನ್ ಮುನಿಯಪ್ಪ ಎಂಬ ಒಬ್ಬನೇ ಪ್ರಜೆಗೆ ಮೂರು ಓಟು ದಯಪಾಲಿಸಿದ. ಹಿರಿಯ ಸಹೋದ್ಯೋಗಿಯ ಜವಾಬ್ದಾರಿಯಿಂದ ನಾನು ನನ್ನ ಡಬ್ಬಿ ತೆಗೆದು, ಒಂದು ಚಿಟಿಕೆ ಕಡ್ಡಿಪುಡಿ ಅವನ ಅಂಗೈಗೆ ಹಾಕಿ, ಎಲ್ಲಿಡಬೇಕು, ಎಷ್ಟು ಹೊತ್ತು ಇಡಬೇಕು, ಯಾವಾಗ ಉಗುಳಬೇಕು ಎಂಬುದನ್ನೆಲ್ಲ ವಿಧಿವತ್ತಾಗಿ ಉಪದೇಶ ಮಾಡಿದೆ. ಉಪನಯನದಲ್ಲಿ ಅವರಪ್ಪ ಮಾಡಿದ ಉಪದೇಶವನ್ನು ಅವನು ಆಗಲೇ ಮರೆತಿದ್ದ. ಇದನ್ನು ಮರೆಯಲಿಲ್ಲ.

ನನ್ನ ಬಾಯಿಯ ಹುಣ್ಣಿಗೆ ನಾನು ಎಂಟು ತಿಂಗಳು ತುಪ್ಪ ಸವರಿದೆ. ಆಮೇಲೆ ಜೇನುತುಪ್ಪ. ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಟಾರ್ಚು ಹಾಕಿ ನೋಡಿ, ತುಪ್ಪದ ಬಗ್ಗೆ ಏನೂ ಹೇಳದೆ, ಸಂಕ್ರಾಂತಿ ಕಳೆದ ವಾರ ಆಪರೇಷನ್ನಿಗೆ ದಿನ ಕೊಟ್ಟರು. ಎಡಗಡೆಯ ಕೆಳದವಡೆ, ಕೆನ್ನೆಯ ಒಳಗಿನ ಪದರ, ಕತ್ತಿನ ಗಂಟುಗಳು, ಇಷ್ಟನ್ನೂ ತೆಗೆದು, ಖಾಲಿ ಬಿದ್ದ ಕೆನ್ನೆಗೆ ನನ್ನ ಎದೆಯ ಮಾಂಸವನ್ನೇ ತಿರುಗಿಸಿ ತಂದು ಒಳಗಿನಿಂದ ಹೊಲಿದರು. ಎದೆಯಲ್ಲಿ ಏನಿತ್ತೋ ಅದೆಲ್ಲ ಜೊತೆಗೇ ಬಂದಿರಬೇಕು. ಮೂರು ವಾರಕ್ಕೆ ಬಾಯಿಯೊಳಗೆ ಕೂದಲು ಬೆಳೆಯಿತು. "ಕರೆಂಟು ಕೊಟ್ಟಾಗ ಉದುರಿ ಹೋಗತ್ತೆ, ಯೋಚ್ನೆ ಮಾಡ್ಬೇಡಿ" ಎಂದರು ಡಾಕ್ಟರು. ರೇಡಿಯೇಷನ್ನಿಗೆ ಅಲ್ಲಿ ಕರೆಂಟು ಎಂದೇ ಹೆಸರು. ಉಸಿರಿಗೆಂದು ಗಂಟಲಿನಲ್ಲಿ ತೂತು ಮಾಡಿದ್ದರಿಂದ ನನಗೆ ಮಾತಿರಲಿಲ್ಲ. ಮಗಳ ಹಳೆಯ ಸ್ಲೇಟು ಕೈಯಲ್ಲಿತ್ತು. "ಮೀಸೆಯನ್ನು ಒಳಗಡೆ ಬಿಟ್ಟವನು ಈ ಜಿಲ್ಲೆಯಲ್ಲಿ ನಾನೊಬ್ಬನೇ" ಎಂದು ಬರೆದು ನನ್ನ ಹೆಂಡತಿ ಸಾವಿತ್ರಿಗೆ ತೋರಿಸಿದೆ. ಅವಳು ಓದಿ, ನಗದೆ, ಸ್ಲೇಟನ್ನು ಸೆರಗಿನಲ್ಲಿ ಒರೆಸಿ ವಾಪಸ್ಸು ಕೊಟ್ಟಳು.

ಕರೆಂಟು ಮುಗಿಸಿಕೊಂಡು ಮುಳಬಾಗಿಲಿಗೆ ಬಂದದ್ದು ಯುಗಾದಿಯ ಹೊತ್ತಿಗೆ. ಕೂದಲು ಉದುರಿತ್ತು. ಅದರ ಜೊತೆಗೆ ರುಚಿ, ಎಂಜಲು, ಹದಿನಾಲ್ಕು ಕಿಲೋ ತೂಕ ಇವೂ ಉದುರಿದ್ದವು. ಗಂಟಲಿನ ತೂತು ಮುಚ್ಚಿ ಮಾತು ಬಂದಿತ್ತು, ಆದರೆ ಬಾಯಿ ತುಂಬ ಅವಲಕ್ಕಿ ಇಟ್ಟುಕೊಂಡು ಆಡಿದಂಥ ಮಾತು. ಒಂದು ಸಲ "ಏನಂದ್ರಿ?" ಎಂದು ಯಾರಾದರೂ ಕೇಳಿದರೆ ಸಾಕು, ನಾನು ಸ್ಲೇಟು ಎಳೆದುಕೊಳ್ಳುತ್ತಿದ್ದೆ. ಕ್ರಮೇಣ ಯಾರೂ ಏನೂ ಕೇಳದಿದ್ದರೂ ಎಳೆದುಕೊಂಡೆ. ಬಾಯಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಇಲ್ಲದ ಗೌರವ ಸ್ಲೇಟಿನ ಮೇಲೆ ಬರೆದ ಮಾತಿಗೆ ಇತ್ತು. ಎಲ್ಲರೂ ಕೆಲಸ ಬಿಟ್ಟು ಬಂದು ಬಗ್ಗಿ ಓದುತ್ತಿದ್ದರು. ಇಪ್ಪತ್ತಾರು ವರ್ಷ ಫೈಲಿನಲ್ಲಿ ಬರೆದದ್ದನ್ನು ಯಾರೂ ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ.

ಬಾಯಿ ಬಿಗಿದುಕೊಳ್ಳದಿರಲೆಂದು ಡಾಕ್ಟರು ಒಂದು ವ್ಯಾಯಾಮ ಹೇಳಿದ್ದರು. ಐಸ್‌ಕ್ಯಾಂಡಿಯ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಸಿಕ್ಕಿಸಬೇಕು. ಸ್ವಲ್ಪ ಸಡಿಲವಾದರೆ ಇನ್ನೊಂದು ಕಡ್ಡಿ ತುರುಕಬೇಕು. ದಿನಕ್ಕೆ ಆರು ಸಲ. ಯುಗಾದಿಯ ದಿನ ನನ್ನ ಬಾಯಿ ಐದು ಕಡ್ಡಿಯದು. ಬೇವುಬೆಲ್ಲ ಹಿಡಿಸುವಷ್ಟೂ ಇರಲಿಲ್ಲ.

ನೋಡಲು ಬರುವವರು ಬಂದರು. ಹಿಂದಿನ ಬೀದಿಯ ರಾಯರೊಬ್ಬರು ನನ್ನ ಮುಖವನ್ನು ಆಮೂಲಾಗ್ರವಾಗಿ ಪರಿಶೀಲಿಸಿ, "ಇದೇ ತರ ನಮ್ಮ ಷಡ್ಡಕನಿಗೂ ಆಗಿತ್ತು" ಎಂದರು. "ಈಗ ಹೆಂಗಿದಾರೆ?" ಎಂದು ಸಾವಿತ್ರಿ ಆಸೆಯಿಂದ ಕೇಳಿದಳು. "ಹೋದ್ರು ಪಾಪ. ಆದ್ರೆ ಅವರ ಕೇಸು ಬೇರೆ ಬಿಡಿ" ಎಂದು ಕಾಫಿ ಕುಡಿದರು. ಇಂಥ ಸಾಂತ್ವನಗಳಿಂದ ತಪ್ಪಿಸಿಕೊಳ್ಳಲು ನಾನು ಮನೆಯಲ್ಲಿ ಇರುವುದನ್ನೇ ಬಿಟ್ಟೆ. ಗೇಟಿನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಗೇಟಿಗೆ ನಡೆದೆ. ಅದೂ ಸಾಲದೆ ಬಸ್ಸು ಹತ್ತಿದೆ. ಬಾಯಿಗೆ ಟವೆಲು ಸುತ್ತಿ ಕಿಟಕಿಯ ಪಕ್ಕ ಕೂತರೆ ಬಸ್ಸಿನಲ್ಲಿ ಯಾರೂ ಮಾತನಾಡಿಸುವುದಿಲ್ಲ. ಶ್ರೀನಿವಾಸಪುರಕ್ಕೆ ಹೋಗಿ ಇಳಿಯದೆ ಬಂದೆ. ಕೋಲಾರಕ್ಕೆ ಹೋಗಿ, ಅಲ್ಲಿಂದ ಮಾಲೂರಿಗೆ ಹೋಗಿ, ಹೆಂಚಿನ ಕಾರ್ಖಾನೆಗಳ ಚಿಮಣಿ ನೋಡಿಕೊಂಡು, ಅದೇ ಬಸ್ಸಿನಲ್ಲಿ ವಾಪಸ್ಸಾದೆ. "ಹಲ್ ನೋವಾ ಸಾಮಿ?" ಎಂದ ಕಂಡಕ್ಟರು ಒಂದು ದಿನ. ಹೌದೆಂದು ತಲೆಯಾಡಿಸಿದೆ. "ಕೀಳ್ಸಾಕ್ಬಿಡಿ, ಒಂದೇ ಸಲಕ್ಕೆ ನೆಮ್ದಿ" ಎಂದು ಸಲಹೆ ಕೊಟ್ಟ. ಕೀಳಿಸುವುದರಲ್ಲಿ ನಾನು ಅವನ ಊಹೆಗಿಂತ ಬಹಳ ಮುಂದೆ ಹೋಗಿದ್ದೆ. ನೆಮ್ಮದಿ ಮಾತ್ರ ಬಂದಿರಲಿಲ್ಲ.

ಭಾನುವಾರಗಳಲ್ಲಿ ಶೇಷಗಿರಿ ಬರುತ್ತಿದ್ದ. ನನ್ನ ಆಪರೇಷನ್ನಾದ ದಿನವೇ ಕಡ್ಡಿಪುಡಿ ಡಬ್ಬಿಯನ್ನು ಅವರೂರ ಕೆರೆಗೆ ಎಸೆದನಂತೆ. ಕಚೇರಿಯ ಸುದ್ದಿ ಹೇಳುತ್ತಿದ್ದ, ನನ್ನ ಕಡ್ಡಿ ಎಣಿಸುತ್ತಿದ್ದ, "ಏಮಿರಾ, ಇವತ್ತೂ ಆರೇನಾ?" ಎಂದು ನಮ್ಮ ಗಡಿಯ ತೆಲುಗು ಬೆರೆಸಿ ರೇಗಿಸುತ್ತಿದ್ದ. ನಾನು ಅವನಿಗೆ ಉಪದೇಶ ಮಾಡಿದ್ದರ ಬಗ್ಗೆ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೇ ತಿಂಗಳಲ್ಲಿ ಶ್ರೀನಿವಾಸಪುರದಿಂದ ನನ್ನ ಬಾಮೈದ ಗೋಪಿ ಒಂದು ಕುಕ್ಕೆ ರಸಪುರಿ ಹಣ್ಣು ತಂದ. ಹಲ್ಲು ಬೇಕಿಲ್ಲದ ಹಣ್ಣು ಎಂದು ಆರಿಸಿ ತಂದಿದ್ದ, ಒಳ್ಳೆಯ ಮನುಷ್ಯ. ಸಾವಿತ್ರಿ ಹಿಂಡಿ, ಸೋಸಿ, ಲೋಟದಲ್ಲಿ ಕೊಟ್ಟಳು. ಆಪರೇಷನ್ ಆದ ಮೇಲೆ ನಾಲ್ಕು ಜನರ ಎದುರು ನಾನು ಬಾಯಿಗೆ ಏನನ್ನಾದರೂ ಇಟ್ಟುಕೊಂಡದ್ದು ಅದೇ ಮೊದಲು. ಶೇಷಗಿರಿಯೂ ಇದ್ದ. ಕುಡಿದೆ. ರುಚಿ ಗೊತ್ತಾಗಲಿಲ್ಲ, ತಂಪು ಗೊತ್ತಾಯಿತು. ಚೆನ್ನಾಗಿಯೇ ಕುಡಿಯುತ್ತಿದ್ದೇನೆ ಅಂದುಕೊಂಡು ತಲೆ ಎತ್ತಿದರೆ ಗೋಪಿ ಮುಖ ಆ ಕಡೆ ತಿರುಗಿಸಿಕೊಂಡಿದ್ದ. ಕೆಳಗೆ ನೋಡಿಕೊಂಡೆ. ತುಟಿಯ ಎಡ ಮೂಲೆಗೆ ಸ್ಪರ್ಶವಿರಲಿಲ್ಲವಲ್ಲ, ಅಲ್ಲಿಂದ ಅರ್ಧ ಲೋಟ ರಸ ಗದ್ದದ ಹೊಲಿಗೆಯ ಗುಂಟ ಇಳಿದು ಬಿಳಿ ಬನಿಯನ್ನಿನ ಮೇಲೆ ದೊಡ್ಡ ನಕ್ಷೆಯಾಗಿತ್ತು.

ಸಾವಿತ್ರಿ ಗೋಪಿಯನ್ನು ಒಳಗೆ ಕರೆದುಕೊಂಡು ಹೋದಳು. ಶೇಷಗಿರಿ ಕೂತೇ ಇದ್ದ. ಟವೆಲು ಕೊಟ್ಟ. ಆಮೇಲೆ, ಅವನ ಸ್ವಭಾವಕ್ಕೆ ವಿರುದ್ಧವಾಗಿ, ಒಂದಾದ ಮೇಲೊಂದು ಪ್ರಶ್ನೆ ಕೇಳಿದ. ಮೊದಲು ನೋವಿತ್ತಾ? ಗಟ್ಟಿಯಾಗಿತ್ತಾ, ಮೆತ್ತಗಿತ್ತಾ? ಕರೆಂಟು ಕೊಟ್ಟರೆ ಉರಿಯುತ್ತಾ? ನನ್ನ ಕಾಯಿಲೆಯಲ್ಲಿ ಇಷ್ಟು ಆಸಕ್ತಿ ತೋರಿಸಿದನಲ್ಲ ಎಂದು ನಾನು ಸ್ವಲ್ಪ ಉಬ್ಬಿ, ಸ್ಲೇಟು ತುಂಬ ತುಂಬ ಉತ್ತರ ಬರೆದೆ. ಕೊನೆಗೆ ಅವನು, "ನಿಜ ಹೇಳೋ ವೆಂಕಟು, ಮಾಡಿಸ್ಕೊಂಡಿದ್ದು ಒಳ್ಳೇದಾಯ್ತಾ?" ಎಂದ.

ಬನಿಯನ್ನು ಇನ್ನೂ ಒದ್ದೆಯಿತ್ತು. ನಾನು ಸ್ಲೇಟು ಒರೆಸಿ, ದಪ್ಪ ಅಕ್ಷರಗಳಲ್ಲಿ ಬರೆದೆ: "ಮಾಡಿಸಿಕೊಳ್ಳಬಾರದಿತ್ತು. ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು." ಕೆಳಗೆ ಎರಡು ಗೆರೆ ಎಳೆದೆ. ಅಕ್ಷರ ದುಂಡಗೆ ಬಂದಿತ್ತು, ಅದರ ಬಗ್ಗೆ ಸಣ್ಣ ಹೆಮ್ಮೆಯೂ ಆಯಿತು. ಅವನು ಓದಿದ. ಹೆಬ್ಬೆರಳಿನಿಂದ ತಾನೇ ಅದನ್ನು ಒರೆಸಿದ. "ಸರ್ಲೇ, ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದು ಹೋದ.

ಆ ವಾಕ್ಯ ಅರ್ಧ ಗಂಟೆಯ ಮಟ್ಟಿಗೆ ನಿಜ. ಸಂಜೆ ನಾನು ಇನ್ನೆರಡು ಲೋಟ ರಸ ಕುಡಿದೆ, ಬಲಗಡೆಗೆ ತಲೆ ವಾಲಿಸಿ, ಒಂದು ಹನಿ ಚೆಲ್ಲದೆ. ಅದನ್ನು ಸ್ಲೇಟಿನಲ್ಲಿ ಬರೆದು ಯಾರಿಗೂ ತೋರಿಸಲಿಲ್ಲ.

ಜುಲೈನಲ್ಲಿ ಕೆಲಸಕ್ಕೆ ಹಾಜರಾದೆ. ರೆಕಾರ್ಡ್ ರೂಮು ನನಗೆ ಹೇಳಿಮಾಡಿಸಿದ ಜಾಗ, ಹಳೆಯ ಕಡತಗಳು ಯಾರ ಮುಖವನ್ನೂ ನೋಡುವುದಿಲ್ಲ. ಆದರೆ ಎದುರು ಮೇಜಿನವನನ್ನು ನಾನು ನೋಡಬೇಕಲ್ಲ. ಶೇಷಗಿರಿ ಟೀಯನ್ನು ಆರಿಸಿ ಆರಿಸಿ ಕುಡಿಯುತ್ತಿದ್ದ. ತಲೆ ಬಲಗಡೆಗೆ ವಾಲುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೊರಗೆ ಹೋಗಿಬಿಡುತ್ತಿದ್ದ. ಶ್ರಾವಣದಲ್ಲಿ ಒಂದು ದಿನ ಒಂದೇ ಕಡತವನ್ನು ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಅವನು ಏನೋ ಹೇಳಲು ಬಾಯಿ ತೆರೆದ. ನನ್ನ ಹಳೆಯ ಹುಣ್ಣಿನ ಅದೇ ವಾಸನೆ ನನಗೆ ಬಂತು. ಕರೆಂಟು ನನ್ನ ರುಚಿ ಕಿತ್ತುಕೊಂಡಿತ್ತು, ಮೂಗನ್ನು ಬಿಟ್ಟಿತ್ತು. ಸ್ಲೇಟಿನಲ್ಲಿ "ಬಾಯಿ ತೆಗಿ" ಎಂದು ಬರೆದು ಅವನ ಮುಂದಿಟ್ಟೆ. ಅವನು ಅದರ ಮೇಲೆ ಒಂದು ಫೈಲು ಇಟ್ಟು, "ಸಾಹೇಬ್ರು ಕರೀತಾವ್ರೆ" ಎಂದು ಹೋದ. ಸಾಹೇಬರು ಅಂದು ರಜೆಯಲ್ಲಿದ್ದರು.

ಭಾನುವಾರ ನಾನೇ ದೇವರಾಯಸಮುದ್ರಕ್ಕೆ ಹೋದೆ. ಅವನ ಹೆಂಡತಿ ಜಯಮ್ಮನ ಎದುರು ಮಾತು ಬೇಡವೆಂದು ಅವನೇ ಕೆರೆ ಏರಿಯ ಮೇಲೆ ಕರೆದುಕೊಂಡು ಹೋದ. ಕೆರೆಯಲ್ಲಿ ಅರ್ಧ ನೀರಿತ್ತು. ಸ್ಲೇಟನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದೆ.

"ಎಷ್ಟು ದಿನದಿಂದ?" ಎಂದೆ.

"ಏನೆಷ್ಟು ದಿನದಿಂದ?"

"ಲೇ ಶೇಷು, ಆ ವಾಸನೆ ಜೊತೆ ಎಂಟು ತಿಂಗ್ಳು ಸಂಸಾರ ಮಾಡಿದೀನಿ ಕಣೋ. ನನ್ನತ್ರ ನಾಟ್ಕ ಆಡ್ಬೇಡ."

ಅವನು ಏರಿಯ ಮೇಲೆ ಸ್ವಲ್ಪ ದೂರ ನಡೆದ. "ಯುಗಾದಿ ಹೊತ್ತಿಗೆ ಶುರುವಾಯ್ತು. ಮಾವಿನಹಣ್ಣು ತಂದಿದ್ರಲ್ಲ, ಅವತ್ತು ಹೇಳೋಣ ಅಂತ್ಲೇ ಬಂದಿದ್ದೆ."

"ಹೇಳ್ಲಿಲ್ವಲ್ಲೋ!"

"ಕೇಳಿದ್ನಲ್ಲ. ನೀನು ಬರ್ದೆ. ಎರಡು ಗೆರೆ ಬೇರೆ ಎಳ್ದೆ."

"ಸಿಟ್ಟಲ್ಲಿ ಬರ್ದಿದ್ದು ಕಣೋ ಅದು."

"ಸಿಟ್ಟಲ್ಲಿ ಬರ್ದಿದ್ದೇ ನಿಜ ಇರೋದು. ಇಷ್ಟು ವರ್ಷದಿಂದ ನೋಡ್ತಿದೀನಿ, ನೀನು ಶಾಂತವಾಗಿ ಕೂತು ಬರೆದಿರೋ ಟಿಪ್ಪಣಿ ಎಲ್ಲಾ ಸುಳ್ಳು."

ನಾನು ಕೂಗಾಡಿದೆ. ಅವಲಕ್ಕಿ ಬಾಯಿಯ ಕೂಗಾಟ ಅರ್ಧ ಕೆರೆಗೆ, ಅರ್ಧ ನನ್ನ ಟವೆಲಿಗೆ. ಬೈದೆ, ಬೇಡಿಕೊಂಡೆ, ನಾನು ಎಷ್ಟು ಸುಖವಾಗಿದ್ದೇನೆ ಎಂದು ಬಣ್ಣಿಸಿದೆ. ಅವನು ನನ್ನ ಮುಖವನ್ನೇ ನೋಡುತ್ತಾ ಕೇಳಿದ. ಆ ಮುಖವನ್ನು ಇಟ್ಟುಕೊಂಡು ಸುಖದ ಮಾತಾಡುವುದು ಕಷ್ಟ.

"ಒಂದು ಕೆಲ್ಸ ಮಾಡು" ಎಂದ ಕೊನೆಗೆ. "ಪಿತೃಪಕ್ಷದಲ್ಲಿ ಅಪ್ಪನ ಕಾರ್ಯ ಇದೆ. ಯಾವಾಗ್ಲೂ ಕೂರೋ ಹಾಗೆ ಪಿತೃಸ್ಥಾನಕ್ಕೆ ನೀನೇ ಕೂತ್ಕೋ. ಎಲೆ ಪೂರ್ತಿ ಊಟ ಮಾಡು. ಗಂಜಿ ಗಿಂಜಿ ಅಲ್ಲ, ವಡೆ ಸಮೇತ. ಎಲ್ಲರೆದುರಿಗೆ ಬಾಯಿಬಿಟ್ಟು ತೃಪ್ತಿ ಆಯ್ತು ಅನ್ನು. ಹಾಗೆ ಅಂದ್ರೆ, ಆಮೇಲಿನ ಸೋಮವಾರ ನಾನು ಬೆಂಗ್ಳೂರಿಗೆ ಬರ್ತೀನಿ."

"ಆಗ್ದೇ ಇದ್ರೆ?"

"ನಿನ್ನ ಸ್ಲೇಟು ಹೇಳಿದ್ದೇ ಸರಿ ಅಂತ."

ಶ್ರಾದ್ಧದಲ್ಲಿ ಇಬ್ಬರನ್ನು ಊಟಕ್ಕೆ ಕೂರಿಸುತ್ತಾರೆ. ಒಬ್ಬರು ದೇವತೆಗಳ ಜಾಗದಲ್ಲಿ, ಇನ್ನೊಬ್ಬರು ತೀರಿಕೊಂಡ ಹಿರಿಯರ ಜಾಗದಲ್ಲಿ. ಅವರು ಉಂಡದ್ದು ಹಿರಿಯರಿಗೆ ಹೋಗಿ ಸೇರುತ್ತದೆ. ಶೇಷಗಿರಿಯ ಅಪ್ಪನ ಜಾಗದಲ್ಲಿ ಕೂತು ನಾನು ಹಿಂದೆ ಹದಿನಾಲ್ಕು ವಡೆಗಳನ್ನು ಪರಲೋಕಕ್ಕೆ ರವಾನಿಸಿದ ದಾಖಲೆಯಿತ್ತು. ಈಗ ನಾನು ಹೆಂಡತಿಯ ಎದುರೂ ಊಟ ಮಾಡುತ್ತಿರಲಿಲ್ಲ. ಕಲಸಿ ನುಣ್ಣಗೆ ಮಾಡಿದ ಅನ್ನವನ್ನು ಹಿತ್ತಿಲ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ನುಂಗುತ್ತಿದ್ದೆ.

ಇನ್ನು ಇಪ್ಪತ್ತು ದಿನವಿತ್ತು. ಸಾವಿತ್ರಿಗೆ ವಿಷಯ ಹೇಳಿದೆ, ಬಾಯಲ್ಲೇ. ಅವಳು "ನೀವು ಹಾಗೆ ಬರ್ದಿದ್ರಾ?" ಎಂದು ಒಂದೇ ಮಾತು ಕೇಳಿ, ಉದ್ದಿನಬೇಳೆ ನೆನೆಹಾಕಲು ಎದ್ದಳು. ಪ್ರತಿದಿನ ಒಂದು ವಡೆ. ಮೊದಲ ದಿನ ಅದರ ಕಾಲುಭಾಗಕ್ಕೆ ಅರ್ಧ ಗಂಟೆ ಹಿಡಿಯಿತು, ಅದೂ ಹಾಲಿನಲ್ಲಿ ಅದ್ದಿ. ಅವಳು ಎದುರಿಗೇ ಕೂತಳು. "ಆ ಕಡೆ ಹೋಗೇ" ಎಂದರೆ, "ಅಲ್ಲಿ ಇಪ್ಪತ್ತು ಜನ ಇರ್ತಾರೆ, ನಾನೊಬ್ಳಿಗೇ ನಾಚ್ಕೊಂಡ್ರೆ ಹೆಂಗೆ?" ಎಂದಳು. ಕಡ್ಡಿಗಳ ವ್ಯಾಯಾಮ ಆರರಿಂದ ಹತ್ತು ಸಲಕ್ಕೆ ಏರಿತು. ಎಂಟು ಕಡ್ಡಿಯ ಬಾಯಿ ಒಂಬತ್ತಾಯಿತು, ಹತ್ತಾಯಿತು. ಪ್ರತಿ ಕಡ್ಡಿಗೂ ಕಣ್ಣಲ್ಲಿ ನೀರು. ಮಹಾಲಯದ ಹೊತ್ತಿಗೆ ಹನ್ನೊಂದನೆಯದು ಹೋಯಿತು.

ಕಾರ್ಯದ ದಿನ ಪುರೋಹಿತರಾದ ನರಸಿಂಹ ಜೋಯಿಸರು ನನ್ನನ್ನು ನೋಡಿದವರೇ ಶೇಷಗಿರಿಯನ್ನು ಪಕ್ಕಕ್ಕೆ ಕರೆದರು. ಪಕ್ಕ ಎಂದರೆ ನನ್ನಿಂದ ಮೂರು ಅಡಿ.

"ಅಂಗಹೀನರನ್ನ ಪಿತೃಸ್ಥಾನಕ್ಕೆ ಕೂರಿಸೋ ಹಾಗಿಲ್ಲ ಕಣಯ್ಯಾ. ಶಾಸ್ತ್ರ ಇದೆ."

"ಜೋಯಿಸ್ರೇ, ನಮ್ಮಪ್ಪ ಹೋಗೋವಾಗ ಬಾಯಲ್ಲಿ ಒಂದು ಹಲ್ಲಿರ್ಲಿಲ್ಲ, ಒಂದು ಕಣ್ಣಿಗೆ ಪೊರೆ. ಅವರ ಜಾಗದಲ್ಲಿ ಎಲ್ಲಾ ನೆಟ್ಟಗಿರೋರನ್ನ ಕೂರಿಸಿದ್ರೆ ಅವರಿಗೇ ಗುರ್ತು ಸಿಗಲ್ಲ."

ನಾನೂ ಒಂದು ಮಾತು ಸೇರಿಸಿದೆ. "ಅಂಗ ಹೀನ ಆಗಿಲ್ಲ ಜೋಯಿಸ್ರೇ. ಎದೇದು ಕೆನ್ನೆಗೆ ಬಂದಿದೆ. ವರ್ಗಾವಣೆ, ಅಷ್ಟೇ."

ಜೋಯಿಸರು ಅರೆ ನಿಮಿಷ ಯೋಚಿಸಿ, ವರ್ಗಾವಣೆಗೆ ಶಾಸ್ತ್ರದಲ್ಲಿ ನಿಷೇಧವಿಲ್ಲವೆಂದು ಒಪ್ಪಿದರು.

ದೇವತೆಗಳ ಜಾಗಕ್ಕೆ ವೇಮಗಲ್ಲಿನ ಸುಬ್ಬರಾಯರು ಬಂದಿದ್ದರು. ಅವರಿಗೆ ಮೂರೂ ಕಾಲಿನ ಬಸ್ಸು ಹಿಡಿಯಬೇಕಿತ್ತು. ಒಂದು ಗಂಟೆಗೆ ಎಲೆ ಹಾಕಿದರು. ಶ್ರಾದ್ಧದ ಊಟಕ್ಕೆ ಕೆಲವು ಕಟ್ಟುಗಳಿವೆ. ಉಣ್ಣುವವರು ಮಾತಾಡಬಾರದು. ಇಬ್ಬರಲ್ಲಿ ಒಬ್ಬರದು ಮುಗಿಯದೆ ಇನ್ನೊಬ್ಬರು ಏಳಬಾರದು. ಇಬ್ಬರಿಗೂ ತೃಪ್ತಿಯಾಗುವವರೆಗೆ ಕಾರ್ಯ ಮಾಡುವವನು, ಅವನ ಮನೆಯವರು, ನೆಂಟರು ಯಾರೂ ಏನನ್ನೂ ತಿನ್ನಬಾರದು. ಊಟದ ಉದ್ದಕ್ಕೂ ಪುರೋಹಿತರು ಮಂತ್ರ ಹೇಳುತ್ತಿರಬೇಕು.

ಸುಬ್ಬರಾಯರು ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದರು. ಆಗ ನಾನು ಪಾಯಸದಿಂದ ತೊವ್ವೆಗೆ ಬಂದಿದ್ದೆ. ಅವರು ನನ್ನ ಎಲೆ ನೋಡಿದರು, ಗೋಡೆಯ ಗಡಿಯಾರ ನೋಡಿದರು, ಮತ್ತೆ ನನ್ನ ಎಲೆ ನೋಡಿದರು. ಮಾತಾಡುವಂತಿಲ್ಲ, ಏಳುವಂತಿಲ್ಲ. ದೇವತೆಗಳಿಗೆ ಅಂಥ ಕಷ್ಟ ಹಿಂದೆಂದೂ ಬಂದಿರಲಾರದು. ಎರಡು ಗಂಟೆಗೆ ಜೋಯಿಸರ ಮಂತ್ರ ಮುಗಿಯಿತು. ಅವರು ನನ್ನನ್ನು ನೋಡಿ, ನಿಟ್ಟುಸಿರು ಬಿಟ್ಟು, ಮೊದಲಿನಿಂದ ಮತ್ತೆ ಶುರುಮಾಡಿದರು. ಅಡುಗೆಮನೆಯ ಬಾಗಿಲಲ್ಲಿ ಹಸಿದ ಹೆಂಗಸರು ಸಾಲಾಗಿ ನಿಂತಿದ್ದರು. ನಾನು ವಡೆಯನ್ನು ಬೆರಳ ತುದಿಯಷ್ಟು ಚೂರು ಮಾಡಿ, ಪಾಯಸದಲ್ಲಿ ಅದ್ದಿ, ಬಲಗಡೆಗೆ ತಳ್ಳಿ, ತಲೆ ವಾಲಿಸಿ ನುಂಗುತ್ತಿದ್ದೆ. ಪ್ರತಿ ತುತ್ತಿಗೂ ಎಡಗೈಯ ಟವೆಲು ಗದ್ದಕ್ಕೆ. ಮೆಣಸಿನ ಸಾರು ಕರೆಂಟು ತಿಂದ ಬಾಯಿಗೆ ಕೆಂಡದ ಹಾಗೆ ಹತ್ತಿತು. ಶೇಷಗಿರಿ ಒದ್ದೆ ಪಂಚೆಯಲ್ಲಿ, ಬಡಿಸುವ ಸೌಟು ಹಿಡಿದು, ಬೆಳಗಿನಿಂದ ಉಪವಾಸ, ನನ್ನ ಬಾಯಿಯ ಮೇಲೆ ಕಣ್ಣಿಟ್ಟು ನಿಂತಿದ್ದ.

ಎರಡನೆಯ ವಡೆಯ ಒಂದು ಚೂರು ಗಂಟಲಿಗೆ ಅಡ್ಡ ಸಿಕ್ಕಿತು. ಕೆಮ್ಮಿದೆ. ಪಾಯಸ ಮೂಗಿನಲ್ಲಿ ಬಂತು. ಮತ್ತೆ ಕೆಮ್ಮಿದೆ, ಉಸಿರು ಹಿಡಿಯಿತು, ಎಲೆಯ ಮೇಲೆಲ್ಲ ಚೆಲ್ಲಿತು. ಜೋಯಿಸರ ಮಂತ್ರ ನಿಂತುಹೋಯಿತು. ಯಾರೋ ಹೆಂಗಸು "ಅಯ್ಯೋ ರಾಮ" ಎಂದಳು. ಕಣ್ಣೀರಿನ ನಡುವೆ ನಾನು ಶೇಷಗಿರಿಯನ್ನು ನೋಡಿದೆ. ಪಂಥ ಗೆದ್ದವನ ಮುಖ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಅವನು ಹೆದರಿದ್ದ. ನಾನು ಗೆಲ್ಲಲಿ ಎಂದು ನನಗಿಂತ ಹೆಚ್ಚಾಗಿ ಅವನೇ ಕಾಯುತ್ತಿದ್ದ ಎಂಬುದು ನನಗೆ ಆಗ ಹೊಳೆಯಿತು.

"ಸಾಕು ಬಿಡೋ ವೆಂಕಟು" ಎಂದ, ಮೆಲ್ಲಗೆ.

ನಾನು ಮೂಗು ಒರೆಸಿಕೊಂಡೆ. ಮಾತಾಡುವಂತಿರಲಿಲ್ಲ. ಎಲೆಯಲ್ಲಿ ವಡೆ ಬಡಿಸುವ ಜಾಗವನ್ನು ಬೆರಳಿನಿಂದ ತೋರಿಸಿದೆ. ಅವನು ಅಲ್ಲಾಡಲಿಲ್ಲ. ಮತ್ತೆ ತೋರಿಸಿದೆ. ಜಯಮ್ಮನೇ ಮುಂದೆ ಬಂದು ಗಂಡನ ಕೈಗೆ ವಡೆಯ ತಟ್ಟೆ ಕೊಟ್ಟಳು. ಬಡಿಸಿದ.

ಮೂರು ಮುಕ್ಕಾಲಿಗೆ ನನ್ನ ಎಲೆ ಖಾಲಿಯಾಯಿತು. ಶೇಷಗಿರಿ ಕೈಮುಗಿದು, ಜೋಯಿಸರು ಹೇಳಿಕೊಟ್ಟಂತೆ, ತೃಪ್ತಿಯಾಯಿತೇ ಎಂದು ಕೇಳಿದ. ಸುಬ್ಬರಾಯರು ಪ್ರಶ್ನೆ ಮುಗಿಯುವ ಮೊದಲೇ, ಮನೆಯ ಹೆಂಚು ಅದುರುವಂತೆ, ಆಯಿತೆಂದರು. ನಾನು ಹನ್ನೊಂದು ಕಡ್ಡಿಯಷ್ಟು ಬಾಯಿ ತೆರೆದು, ನಿಧಾನವಾಗಿ, ಎಲ್ಲರಿಗೂ ಕೇಳುವಂತೆ, "ತೃಪ್ತಿಯಾಯಿತು" ಎಂದೆ.

ಪಿಂಡಪ್ರದಾನ ಮುಗಿದು ಶೇಷಗಿರಿ ಎಲೆಯ ಮುಂದೆ ಕೂತಾಗ ಐದು ಗಂಟೆ ಸಮೀಪಿಸಿತ್ತು. ಸುಬ್ಬರಾಯರು ಮುಂದಿನ ಬಸ್ಸಿಗೆ ಓಡಿದ್ದರು. ನಾನು ಹೋಗದೆ ಅವನ ಎದುರು ಕೂತೆ. ದಿನವಿಡೀ ಉಪವಾಸವಿದ್ದವನು ಅನ್ನ ತೊವ್ವೆಯನ್ನು ಬೆರಳಲ್ಲಿ ಹಿಸುಕಿ ಹಿಸುಕಿ ಬಲಗಡೆಗೆ ತಳ್ಳುತ್ತಿದ್ದ. ಸಾರು ಬಡಿಸಿದಾಗ ಎಲೆಗೆ ಕೈ ಅಡ್ಡ ಹಿಡಿದ. ಅರ್ಧ ವಡೆಗೆ ಹದಿನೈದು ನಿಮಿಷ. ಉಳಿದವರೆಲ್ಲ ಎದ್ದುಹೋದರು. ನಾನು ಜುಬ್ಬದ ಜೇಬಿನಿಂದ ಕಡ್ಡಿಗಳ ಕಟ್ಟು ತೆಗೆದು ಅವನ ಎಲೆಯ ಪಕ್ಕ ಇಟ್ಟೆ.

"ಇಟ್ಕೋ" ಎಂದೆ.

"ಎಂಜಲು ಕಣೋ."

"ತೊಳ್ದಿದೀನಿ. ಇಟ್ಕೋ."

ಅವನು ಒಂದೊಂದಾಗಿ ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡ. ಏಳರವರೆಗೆ ಸುಲಭವಾಗಿ ಹೋಯಿತು. ಎಂಟನೆಯದಕ್ಕೆ ಕಣ್ಣು ಮುಚ್ಚಿದ. ಒಂಬತ್ತನೆಯದು ಹೋಗಲಿಲ್ಲ. ಕತ್ತಿ ಮುಟ್ಟದ ಬಾಯಿಗೆ ಎಂಟು. ಅರ್ಧ ದವಡೆಯಿಲ್ಲದ ನನ್ನ ಬಾಯಿಗೆ ಹನ್ನೊಂದು. ಅವನು ಕಡ್ಡಿಗಳನ್ನು ತೆಗೆದು ಕೈಯಲ್ಲಿಟ್ಟುಕೊಂಡು ಎರಡು ಸಲ ಎಣಿಸಿದ, ಗುಮಾಸ್ತನಲ್ಲವೇ. ಬಾಗಿಲಲ್ಲಿ ನಿಂತಿದ್ದ ಜಯಮ್ಮ ನಮ್ಮಿಬ್ಬರನ್ನೂ ನೋಡಿ, "ಅಣ್ಣಾ, ಇವರಿಗೆ ಏನಾಗಿದೆ?" ಎಂದಳು. ಅವಳಿಗೆ ಅಲ್ಲಿಯವರೆಗೂ ಏನೂ ಗೊತ್ತಿರಲಿಲ್ಲ. ಶೇಷಗಿರಿ ಕಡ್ಡಿಗಳನ್ನು ಮತ್ತೆ ಕಟ್ಟು ಕಟ್ಟಿ, ನನ್ನ ಕಡೆ ತಿರುಗಿ, "ಸರ್ಲೇ, ಸೋಮವಾರ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?" ಎಂದ.

ಅದೇ ಡಾಕ್ಟರು, ಅದೇ ಟಾರ್ಚು. ಕತ್ತನ್ನು ಎರಡೂ ಕಡೆ ಒತ್ತಿ ನೋಡಿದರು. "ಯಾವಾಗಿಂದ ಇದೆ?" ಎಂದು ಕೇಳಿದರು. ಯುಗಾದಿಯಿಂದ ಎಂದ ಶೇಷಗಿರಿ.

"ಒಂದು ನಾಲ್ಕು ತಿಂಗ್ಳು ಮುಂಚೆ ಬಂದಿದ್ರೆ ಕೆನ್ನೇಲೇ ಮುಗೀತಿತ್ತು. ಈಗ ಕತ್ತಿಗೆ ಇಳ್ದಿದೆ. ಯಾಕೆ ತಡ ಮಾಡಿದ್ರಿ?"

ನಾನು ಬಾಯಿ ತೆರೆದೆ. ಶೇಷಗಿರಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದ.

"ಮಾವಿನ ಸುಗ್ಗಿ ಇತ್ತು ಸಾರ್" ಎಂದ. "ತೋಪಿನ ಕೆಲ್ಸ. ಬಿಡುವೇ ಆಗ್ಲಿಲ್ಲ."

ಅವನಿಗೆ ಒಂದು ಮಾವಿನ ಮರವೂ ಇರಲಿಲ್ಲ.

ದೀಪಾವಳಿಗೆ ಒಂದು ವಾರ ಮುಂಚೆ ಅವನಿಗೆ ಆಪರೇಷನ್ ಆಯಿತು. ಅದಾದ ಮೇಲೆ ಹತ್ತೊಂಬತ್ತು ತಿಂಗಳು ಬದುಕಿದ.